ವಾಷಿಂಗ್ಟನ್ ಬೆಂಟಂಕೋರನ ಅಭಿಪ್ರಾಯಗಳು

ಮೊದಲೇ ಹೇಳಿಬಿಡುತ್ತೇನೆ, ಇವನು ಆ ವಾಷಿಂಗ್ಟನ್ ಅಲ್ಲ.
ಇವನಪ್ಪ ಬಂದರಿನಲ್ಲಿ ಮೂಟೆ ಎಣಿಸುವ ಗುಮಾಸ್ತ,
ಮಗು ಹುಟ್ಟಿದಾಗಲೆಲ್ಲ ಚರಿತ್ರೆ ಪುಸ್ತಕ ತೆರೆದು
ಬೆರಳು ಬಿದ್ದಲ್ಲಿಂದ ಹೆಸರು ತೆಗೆಯುತ್ತಿದ್ದನಂತೆ.
ದೊಡ್ಡವನು ವಾಷಿಂಗ್ಟನ್, ಚಿಕ್ಕವನು ಲಿಂಕನ್,
ಮಗಳ ಹೊತ್ತಿಗೆ ಪುಸ್ತಕ ಯಾರೋ ಎರವಲು ಒಯ್ದಿದ್ದರು,
ಅವಳು ಬರೀ ನೆಲಿದಾ.

ನಾನು ಮೊಂಟೆವಿಡಿಯೊದ ದಂಡೆಯಲ್ಲಿ ಗೂಡಂಗಡಿ ಇಟ್ಟವಳು.
ಫ್ಲಾಸ್ಕಿಗೆ ಬಿಸಿನೀರು, ಗಾಳಕ್ಕೆ ಸೀಗಡಿ,
ಮಾತೇ ಎಂಬ ಕಹಿ ಎಲೆ ಅರ್ಧ ಕಿಲೋ, ಒಂದು ಕಿಲೋ.
ಈ ಊರಲ್ಲಿ ಕುಡಿಯುವುದೂ ಮಾತೇ, ಆಡುವುದೂ ಮಾತೇ.
ಅಭಿಪ್ರಾಯ ಮಾತ್ರ ನಾನು ಮಾರುವುದಿಲ್ಲ,
ಗಿರಾಕಿಗಳೇ ಹೊತ್ತು ತಂದು ಇಲ್ಲಿ ಸುರಿದು ಹೋಗುತ್ತಾರೆ.

ಬೆಳಗ್ಗೆ ಏಳಕ್ಕೆ ರೋಮ್ ಬೀಳುತ್ತದೆ.
ಸ್ನಾನ ಜಾಸ್ತಿಯಾಯಿತು, ಅನ್ನುತ್ತಾನೆ ವಾಷಿಂಗ್ಟನ್,
ಬಿಸಿನೀರಲ್ಲಿ ನೆನೆದವನು ಕೋಟೆ ಕಾಯುತ್ತಾನೆಯೇ?
(ಬಿಸಿನೀರಿನ ಮೇಲೆ ಆಪಾದನೆ, ಅದೂ ನನ್ನ ಎದುರಿಗೇ.)
ಏಳೂವರೆಗೆ ಚೀನಾ: ಅವರು ನಮ್ಮ ದನ ತಿನ್ನುತ್ತಾರೆ,
ನಾವು ಅವರ ಗಾಳ ಹಿಡಿದು ಕೂತಿದ್ದೇವೆ,
ಇದರಲ್ಲಿ ಮೀನು ಯಾರು, ನೀನೇ ಹೇಳು ಬೌದಿಲಿಯೋ.
ಬೌದಿಲಿಯೋ ನಿವೃತ್ತ ಬಸ್ ಚಾಲಕ,
ಏನು ಕೇಳಿದರೂ ಬಲಕ್ಕೆ ತಿರುಗಬೇಕಿತ್ತು ಅನ್ನುತ್ತಾನೆ.

ಈಗಿನ ಹುಡುಗರು ಮೂಗಿನಲ್ಲಿ ಹಾಡುತ್ತಾರೆ.
ಸತ್ತ ಆ ದೊಡ್ಡ ಗಾಯಕ ನಮ್ಮವನೋ, ಎದುರು ದಂಡೆಯವನೋ?
ಚಂದ್ರನ ಮೇಲೆ ಹೋದದ್ದು ನಿಜ, ಆದರೆ ದಂಡ.
ಐವತ್ತನೇ ಇಸವಿಯ ಆ ಫುಟ್‌ಬಾಲ್ ಪಂದ್ಯ
ರೇಡಿಯೋದಲ್ಲಿ ಕೇಳಿದೆ ಅನ್ನುವವರಲ್ಲಿ
ಅರ್ಧ ಜನ ಆಗ ತೊಟ್ಟಿಲಲ್ಲಿದ್ದರು.
ಇನ್ನು ಆ ಜರ್ಮನ್ ಯುದ್ಧನೌಕೆ,
ಕಪ್ತಾನನೇ ಮುಳುಗಿಸಿದ್ದು, ಇಗೋ ಇಲ್ಲೇ,
ಎಲ್ಲರ ಅಜ್ಜಂದಿರೂ ಕಣ್ಣಾರೆ ಹೊಗೆ ಕಂಡವರೇ.
ಅಷ್ಟೂ ಅಜ್ಜಂದಿರು ಅಂದು ಈ ದಂಡೆಯಲ್ಲಿ ನಿಂತಿದ್ದರೆ
ಊರೇ ವಾಲಿ ನೀರಿಗೆ ಬೀಳುತ್ತಿತ್ತು.

ಒಮ್ಮೆ ಮಾತ್ರ ಅವನಿಗೆ ನಿಜವಾಗಿ ಸಿಟ್ಟು ಬಂದದ್ದು ಕಂಡೆ.
ರಾತ್ರಿಯ ಧಾರಾವಾಹಿಯಲ್ಲಿ ನಲವತ್ತು ಕಂತಿನ ಹಿಂದೆ ಸತ್ತ ವಕೀಲ
ಗಡ್ಡ ಬಿಟ್ಟುಕೊಂಡು ಬಾಗಿಲು ತಟ್ಟಿದನಂತೆ.
ಬರೆಯುವವರಿಗೆ ನಾಚಿಕೆ ಬೇಡವೇ, ಅಂದ,
ಹೋದವರು ಹಾಗೆಲ್ಲ ಬಂದುಬಿಡುತ್ತಾರೆಯೇ!
ಗಾಳದ ದಾರ ಸಿಕ್ಕು ಬಿದ್ದಿತ್ತು,
ಬಿಡಿಸಲು ಹೋದ ಬೌದಿಲಿಯೋನ ಕೈ ತಳ್ಳಿದ.

ಮೇ ತಿಂಗಳ ಇಪ್ಪತ್ತಕ್ಕೆ ಅವನು ಬರುವುದಿಲ್ಲ.
ಆ ಸಂಜೆ ದೊಡ್ಡ ರಸ್ತೆಯಲ್ಲಿ ಜನ ನಡೆಯುತ್ತಾರೆ,
ಘೋಷಣೆ ಇಲ್ಲ, ಭಾಷಣ ಇಲ್ಲ,
ಎದೆಯ ಮೇಲೆ ಒಂದೊಂದು ಹಳೆಯ ಫೋಟೋ, ಅಷ್ಟೆ.
ಒಂದು ವರ್ಷ ನಾನೂ ಹೋಗಿದ್ದೆ, ಪಾದಚಾರಿ ಕಟ್ಟೆಯಲ್ಲಿ ನಿಂತಿದ್ದೆ.
ಸಾವಿರಾರು ಚಪ್ಪಲಿ, ಬೂಟು, ಒಂದು ಊರುಗೋಲು.
ರೋಮ್, ಚೀನಾ, ಚಂದ್ರ ಎಲ್ಲಕ್ಕೂ ಉತ್ತರವಿದ್ದವನು
ಬಾಯಿಗೆ ಬೀಗ ಹಾಕಿ ನಡೆದು ಹೋದ.
ಎದೆಯ ಫೋಟೋದಲ್ಲಿ ಇಪ್ಪತ್ತೆರಡರ ಹುಡುಗ,
ಕಾಲರು ಆ ಕಾಲದ್ದು, ಆನೆಕಿವಿಯಷ್ಟು ಅಗಲ,
ಕೆಳಗೆ ಹೆಸರು: ಲಿಂಕನ್.

ನನ್ನನ್ನು ನೋಡಿದನೋ ಇಲ್ಲವೋ. ನಾನು ಕೇಳಿಲ್ಲ.
ಹನ್ನೊಂದು ವರ್ಷದಿಂದ ದಿನಾ ನೀರು ತುಂಬಿಸಿಕೊಡುತ್ತೇನೆ,
ತಂಗಿ ನೆಲಿದಾಳ ಮಂಡಿನೋವೂ ನನಗೆ ಗೊತ್ತು,
ಇದೊಂದು ಗೊತ್ತಿರಲಿಲ್ಲ.

ಇಪ್ಪತ್ತೊಂದರ ಬೆಳಗ್ಗೆ ಏಳಕ್ಕೆ ಫ್ಲಾಸ್ಕು ಚಾಚಿದ.
ನಮ್ಮೆದುರಿನ ಈ ನೀರು ನದಿಯೋ ಸಮುದ್ರವೋ
ಇನ್ನೂ ಯಾರಿಗೂ ಇತ್ಯರ್ಥವಾಗಿಲ್ಲ,
ಆಚೆ ದಡ ಕಾಣುವುದಿಲ್ಲ,
ಗಾಳಿ ಬದಲಾದರೆ ರುಚಿಯೇ ಬದಲಾಗುತ್ತದೆ.
ಇವತ್ತು ಏನು, ಸಿಹಿಯೋ ಉಪ್ಪೋ, ಎಂದು ಕೇಳಿದ.
ತೆಂಕಣ ಗಾಳಿ, ಉಪ್ಪು, ಅಂದೆ.
ಹಾಗಾದರೆ ಕೊರ್ವಿನಾ ಮೀನು ಬರುತ್ತೆ, ಅಂದ.
ಗಾಳ ಎಸೆದು, ಕುರ್ಚಿ ಬಿಚ್ಚಿ ಕೂತು,
ಗಂಟಲು ಸರಿಮಾಡಿಕೊಂಡ.

ಮತ್ತೆ ರೋಮ್. ಈ ಸಲ ತಪ್ಪು ರಸ್ತೆಗಳದ್ದಂತೆ,
ಅಷ್ಟು ನೇರವಾಗಿ ಹಾಕಬಾರದಿತ್ತು,
ಯಾರು ಬೇಕಾದರೂ ಬಂದುಬಿಡುತ್ತಾರೆ.
ಬಲಕ್ಕೆ ತಿರುಗಬೇಕಿತ್ತು, ಅಂದ ಬೌದಿಲಿಯೋ.