ಹನ್ನೊಂದರ ಜೇನು

ಶೇವಂತಾಬಾಯಿ ತಂದುಕೊಟ್ಟದ್ದು ಕೆಮ್ಮಿನ ಔಷಧದ ಸೀಸೆಯಲ್ಲಿ.
ಚೀಟಿ ಅರ್ಧ ಹರಿದು
'ಚೆನ್ನಾಗಿ ಕುಲುಕಿ' ಎಂಬುದಷ್ಟೇ ಉಳಿದಿತ್ತು.
"ತಮ್ಮ ಮಹಾಬಳೇಶ್ವರದ ಕಡೆಯಿಂದ ತಂದಿದ್ದು, ಕಾಡಿನದು.
ಮಲಗುವ ಮುಂಚೆ ಒಂದು ಚಮಚ, ಮೇಲೆ ನೀರು ಬೇಡ.
ಕೂಸಿನ ಹಾಗೆ ಮಲಗ್ತಿ ನೋಡು."
ಅವಳ ಮರಾಠಿಯಲ್ಲಿ ನಿದ್ದೆ ಎಂದರೆ ಝೋಪ್.
ಯಾರೋ ಬಾಗಿಲು ಎಳೆದುಕೊಂಡ ಹಾಗೆ ಕೇಳುತ್ತದೆ.

ಮೊದಲು ಲೋಟದ ನೀರಿಗೆ ಒಂದು ಹನಿ ಬಿಟ್ಟು ನೋಡಿದೆ.
ಕರಗದೆ ತಳ ಸೇರಿತು. ಅಸಲಿ.
ಇಪ್ಪತ್ತಾರು ವರ್ಷ ಕತ್ತಲಲ್ಲಿ ದನಿ ಕೇಳಿಯೇ
ಮನುಷ್ಯರನ್ನು ಅಳೆದವಳು ನಾನು,
ಜೇನನ್ನು ಸುಮ್ಮನೆ ನಂಬುತ್ತೇನೆಯೇ?

ಟ್ರಂಕ್ ಎಕ್ಸ್‌ಚೇಂಜಿನ ರಾತ್ರಿ ಪಾಳಿ.
ಕಿವಿಗೆ ಹೆಡ್‌ಸೆಟ್ಟು, ಎದುರಿಗೆ ತೂತುಗಳ ಗೋಡೆ,
ಎರಡೂ ಕೈಯಲ್ಲಿ ವಯರು.
ಸೊಲ್ಲಾಪುರ, ಹುಬ್ಬಳ್ಳಿ, ಸೂರತ್ತು, ಭಾವನಗರ.
ಸಾವು, ಹೆರಿಗೆ, ಹತ್ತಿಯ ಧಾರಣೆ,
ಎಲ್ಲ ನನ್ನ ಬೆರಳ ಸಂದಿಯಿಂದಲೇ ದಾಟಿದವು.
ಆಮೇಲೆ ಎಲ್ಲರ ಮನೆಗೂ ಗುಂಡಿ ಒತ್ತುವ ಫೋನು ಬಂತು.
ನಮ್ಮ ಬೋರ್ಡನ್ನು ಗುಜರಿಯವನು ತೂಕ ಹಾಕಿ ಒಯ್ದ.
ಮೈಗೆ ಮಾತ್ರ ಯಾರೂ ಆರ್ಡರು ಕಳಿಸಲಿಲ್ಲ.
ಇವತ್ತಿಗೂ ಹನ್ನೊಂದು ಹೊಡೆದರೆ ಅದು ಡ್ಯೂಟಿಗೆ ಹಾಜರು.

ಘಾಟ್ಕೋಪರಿನ ಈ ಒಂದೂವರೆ ಕೋಣೆಯಲ್ಲಿ
ದಿಂಬಿನ ಎರಡೂ ಮಗ್ಗುಲು ಬಿಸಿ.
ಕೊನೆಯ ಲೋಕಲ್ಲು ಹೋಗುವುದೂ ಗೊತ್ತು,
ಮೊದಲಿನದು ಬರುವುದೂ ಗೊತ್ತು,
ನಡುವೆ ಹಳಿ ತಟ್ಟಿ ನೋಡುವವರ ಸುತ್ತಿಗೆಯೂ.

ಸೀಸೆ ಬಾಗಿಸಿದೆ.
ಜೇನು ಬೀಳುವುದಿಲ್ಲ, ಇಳಿಯುತ್ತದೆ.
ಝೀರೋ ಬಲ್ಬಿನ ಬೆಳಕಿಗೆ ಕಡಿಯದ ಒಂದು ಎಳೆ,
ಒಳಗೆ ಕರೆಂಟು ಹರಿದಿದೆಯೋ ಎಂಬಂತೆ.
ಬಾಯಿಗಿಟ್ಟರೆ ಸಿಹಿ ಆಮೇಲೆ,
ಮೊದಲು ಗಂಟಲು ಕೆರೆಯುವ ಒಗರು.
ನೇರಳೆ ಹೂವಿನದಂತೆ.
ನೇರಳೆಗೂ ಹೂ ಬಿಡುತ್ತದೆ ಎಂದು
ಈ ವಯಸ್ಸಿನತನಕ ನನಗೆ ಹೊಳೆದೇ ಇರಲಿಲ್ಲ.

ದೀಪ ಆರಿಸಿದೆ. ಕಾದೆ.
ಆ ಕಡೆ ರಿಂಗಾಗುತ್ತಿದೆ, ಯಾರೂ ಎತ್ತುತ್ತಿಲ್ಲ.

ಆಗ ನೆನಪಾದದ್ದು ಅವನು.
ಹೆಸರು ಗೊತ್ತಿಲ್ಲ. ಮಸ್ಜಿದ್ ಬಂದರಿನ ಯಾವುದೋ ಗೋದಾಮಿನ ನಂಬರು.
ತಿಂಗಳ ಮೊದಲ ಶನಿವಾರ, ರಾತ್ರಿ ಒಂದರ ಮೇಲೆ,
ರಾಣೆಬೆನ್ನೂರಿಗೆ ಬುಕ್ ಮಾಡುತ್ತಿದ್ದ.
"ಮಲಗಿದ್ದೇನು?"
"ಇಲ್ಲ. ನೀವು?"
"ಇಲ್ಲ."
ಅಷ್ಟೇ. ಉಳಿದ ಹೊತ್ತೆಲ್ಲ ಎರಡು ಉಸಿರು,
ನಡುವೆ ನಾನು.
ಮೂರು ನಿಮಿಷಕ್ಕೆ ಟೈಮಾಯ್ತು ಅನ್ನಬೇಕು, ನಿಯಮ.
ಒಂದು ಸಲ ಆ ಕಡೆಯ ಉಸಿರು ಮೆಲ್ಲಗೆ ಉದ್ದವಾಯಿತು.
ರಿಸೀವರು ಕಿವಿಯಲ್ಲೇ ಇಟ್ಟುಕೊಂಡು ನಿದ್ದೆ ಹೋಗಿದ್ದಳು.
ಅವನಿಗೂ ತಿಳಿಯಿತು, ಇಡಲಿಲ್ಲ.
ನಾನೂ ಪಿನ್ನು ಕೀಳಲಿಲ್ಲ.
ಹನ್ನೊಂದು ನಿಮಿಷ. ಚೀಟಿಯಲ್ಲಿ ಮೂರು ಎಂದು ಬರೆದೆ.
ಇಲಾಖೆಗೆ ನಾನು ಮಾಡಿದ ಕಳ್ಳತನ
ಅದೊಂದೇ.

ನಾಲಿಗೆಯಿಂದ ಹಲ್ಲಿನ ಸಂದಿ ತಡವಿದೆ, ಇನ್ನೂ ಸಿಹಿ ಇತ್ತು.
ಎರಡೂವರೆಗೆ ಎದ್ದೆ, ನೀರಿಗೆ.
ಬೇಡ ಅಂದಿದ್ದಳು, ಆದರೂ.
ನೋಡಿದರೆ ಚಮಚದ ಸುತ್ತ ಇರುವೆ.
ಕಿಟಕಿಯ ಚೌಕಟ್ಟಿನಿಂದ ಗ್ಯಾಸಿನ ಕಟ್ಟೆತನಕ ಒಂದೇ ಲೈನು,
ಎದುರಾದವು ಮುಖಕ್ಕೆ ಮುಖ ತಾಗಿಸಿ
ಅದೇನೋ ಒಂದು ಮಾತು ದಾಟಿಸಿ ಮುಂದಕ್ಕೆ.
ನೈಟ್ ಡ್ಯೂಟಿಯವರ ಮೇಲೆ ನಲ್ಲಿ ತಿರುಗಿಸಲು
ಕೈ ಬರಲಿಲ್ಲ.
ಸ್ಟೂಲು ಎಳೆದು ಕೂತೆ.

ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ಕೊಡುತ್ತ
ಶೇವಂತಾಬಾಯಿ ಕೇಳಿದಳು, "ಬಂತಾ?"
"ಎಂಗೇಜ್ ಇತ್ತು" ಅಂದೆ.
ಅವಳು ನನ್ನ ಮುಖ ನೋಡಿ ಬಿದ್ದು ಬಿದ್ದು ನಕ್ಕಳು.
ಕಟ್ಟೆಯ ಕಡಪಾ ಕಲ್ಲಿನ ಅಂಚು
ಎಡಗೆನ್ನೆಯ ಮೇಲೆ ಉದ್ದಕ್ಕೂ ಗೆರೆ ಕೊರೆದಿತ್ತು.
ಆ ಗೆರೆಯಲ್ಲಿ ಒಂದೇ ಒಂದು ಇರುವೆ,
ಮೀಸೆ ಆಡಿಸುತ್ತ,
ನಂಬರು ಕೇಳುತ್ತಿತ್ತು.