ಬೆಟಗೇರಿಯಾಗ ಒಂದು ಗಾಡಿ

ಮುಂದಿನ ಬಾನೆಟ್ ಎತ್ತಿ ಏನ ಹುಡಕತೀರಿ?
ಎಂಜಿನ್ ಅಲ್ಲಿಲ್ಲರಿ, ಬೆನ್ನಾಗ ಐತಿ.
ಅಲ್ಲಿರೂದು ಸ್ಟೆಪ್ನಿ, ಮತ್ತ
ಬ್ಯಾಡಗಿ ಮೆಣಸಿನಕಾಯಿ ಘಾಟು.
ಎಪ್ಪತ್ತೊಂಬತ್ತರಾಗ ಒಮ್ಮೆ ಎರಡು ಚೀಲ ಹೇರಿದ್ದು,
ಸೋಪು, ಸೀಗೀಕಾಯಿ, ಯಾವುದಕ್ಕೂ ಜಗ್ಗಲಿಲ್ಲ.
ಈಗ ನಿಮಗ ಸೀನು ಬಂದರ
ಅದು ನೆಗಡಿ ಅಲ್ಲ.

ಹುಟ್ಟಿದ್ದು ಜರ್ಮನಿಯೊಳಗ.
ನಮ್ಮ ಓಣ್ಯಾಗ ಹೆಸರು ಕಪ್ಪಿ.
ಆದರ ನೀರು ಕೇಳೂದಿಲ್ಲ ಈ ಕಪ್ಪಿ,
ಕಪ್ಪತಗುಡ್ಡದ ಗಾಳಿ ಕುಡದು ತಣ್ಣಗಾಗತೈತಿ,
ನಳದ ದಾರಿ ಕಾಯೂ ಊರಿಗೆ
ಹೇಳಿ ಮಾಡಿಸಿದ್ಹಂಗ.

ಬಣ್ಣ ಮೂಲದ್ದಽ,
ಎಡ ಬಾಗಲದ ಕೆಳಗ ಒಂದು ಗೇಣು ಬಿಟ್ಟು.
ಅದು ನನ್ನ ಕೈ ಬಳದದ್ದು.
ಸಂಜಿಮುಂದ ಕಾಣೂದಿಲ್ಲ ಅಂತನಽ ನಿಮ್ಮನ್ನ
ನಡು ಮಧ್ಯಾಹ್ನ ಕರಸೇನಿ.

ಮಾಲಕ ಅಲ್ಲರಿ ನಾನು. ಮಿಸ್ತ್ರಿ, ಹುಸೇನಸಾಬ ನದಾಫ.
ನಲವತ್ತು ವರ್ಷ ಇದರ ಕೆಳಗ ಅಂಗಾತ ಮಲಗೇನಿ,
ಹಾಸಿಗಿಮ್ಯಾಲ ಅಷ್ಟು ಮಲಗಿಲ್ಲ
ಅಂತಾಳ ಮನಿಯಾಕಿ.

ರೊಕ್ಕ ಪ್ರೆಸ್ಸಿನ ನೀಲಾಂಬಿಕಾ ಅಕ್ಕಾರ ಕೈಯಾಗ ಕೊಡ್ರಿ.
ನನ್ನ ಕಡಿಂದ ಒಂದಽ ಮಾತು:
ಥಂಡ್ಯಾಗ ಮೊದಲನೇ ಸಲ ಕೆಮ್ಮತೈತಿ,
ಬೈಬ್ಯಾಡ್ರಿ,
ಎರಡನೇದಕ್ಕ ಹೊಂಡತೈತಿ.

ಹಿಡೀರಿ ಕೀಲಿ.
ತಡೀರಿ, ತಡೀರಿ,
ಕೈ ಒರಸಿಕೊಂಡು ಕೊಡತೇನಿ.