ಮೋಜಣಿ

ಸಣ್ಣಕೂರ್ವೆಯ ವಿಸ್ತೀರ್ಣ ಎಷ್ಟೆಂದು ಕಾಗದ ಕೇಳಿತ್ತು.
ಸರಪಳಿ ಹೊತ್ತು ದೋಣಿ ಇಳಿದೆ,
ಪ್ಯಾಂಟು ಮೊಣಕಾಲಿಗೆ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು.
ಜಂತ್ರಡಿ ಬಾಗಿಲು ಕಾಯುವ ಜಟ್ಟು ಅಂಬಿಗ
ಬೀಡಿಯ ಬೆಂಕಿ ಕಟ್ಟೆಗೆ ಒತ್ತಿ ಆರಿಸಿ ಕೇಳಿದ:
"ಯಾವ ಹೊತ್ತಿನ ಊರು ಬೇಕು ಸಾಯ್ಬರಿಗೆ?
ಭರತದ್ದೋ, ಇಳಿತದ್ದೋ?"

ನಗಬೇಕೆಂದುಕೊಂಡೆ.
ಬೆಳಿಗ್ಗೆ ನೆಟ್ಟ ಮೂರನೇ ಗೂಟ ಮಧ್ಯಾಹ್ನದೊಳಗೆ
ಕುತ್ತಿಗೆವರೆಗೆ ನೀರಲ್ಲಿ ನಿಂತು
ನನ್ನನ್ನೇ ನೋಡುತ್ತಿತ್ತು.

ಭೂಗೋಳ ಹೀಗೆ:
ಮೂಡಣಕ್ಕೆ ಸಿಹಿನೀರು, ಪಡುವಣಕ್ಕೆ ಉಪ್ಪು,
ನಡುವೆ ಅಂಗೈಯಷ್ಟು ಗಜನಿ ಮಣ್ಣು, ಸುತ್ತ ಕಾಂಡ್ಲದ ಬೇರು.
ಸಮುದ್ರಮಟ್ಟದಿಂದ ಎತ್ತರ ಎಂಬ ಕಲಮಿನೆದುರು ಏನು ಬರೆಯಲಿ?
ಹೊನ್ನಿ ಗೌಡಳ ಅಡುಗೆಮನೆಯ ಹೊಸ್ತಿಲು
ಅಮಾವಾಸ್ಯೆಯ ನೀರಿಗಿಂತ ನಾಲ್ಕು ಬೆರಳು ಮೇಲೆ.
ಊರಿಗೆಲ್ಲ ಎತ್ತರದ್ದು ಬಳಚಿನ ಚಿಪ್ಪಿನ ರಾಶಿ,
ಅದೂ ಸುಣ್ಣದ ಭಟ್ಟಿಯವರು ಬರುವವರೆಗೆ.
ಆಮೇಲೆ ಬೆಟ್ಟವೇ ದೋಣಿ ಹತ್ತಿ ಹೋಗುತ್ತದೆ.

ಇತಿಹಾಸ ಕೇಳಿದರೆ ಇಸವಿ ಹೇಳುವವರಿಲ್ಲ.
"ದೊಡ್ಡ ಕಟ್ಟೆ ಒಡೆದ ವರ್ಷ ನಮ್ಮಪ್ಪ ಹುಟ್ಟಿದ್ದು.
ಏಡಿಬಿಲ ದೊಡ್ಡದಾಗಿ ಒಡೆದಾಗ ನನ್ನ ಮದುವೆ.
ಮಗಳು ಹೋಗಿದ್ದು ನಡುಕಟ್ಟೆ ಹೋದ ರಾತ್ರಿ."
ಹೇಳುತ್ತಲೇ ಹೊನ್ನಿ ಕಗ್ಗದ ಬೀಜ ಕೇರುತ್ತಿದ್ದಳು,
ಹಕ್ಕಿಯ ಗಂಟಲಿಗೆ ಚುಚ್ಚುವ ಮೀಸೆಯ ಭತ್ತ,
ಉಪ್ಪುನೀರಲ್ಲಿ ಎದೆಮಟ್ಟ ನಿಂತೂ ಕೊಳೆಯದ್ದು.
ಮೊದಲ ಕಟ್ಟೆ ಕಟ್ಟಿದವರು ಯಾರಮ್ಮಾ?
"ಹಸಿದವರು" ಎಂದಳು. ಮೊರ ನಿಲ್ಲಲಿಲ್ಲ.

ಕೊಯ್ಲಿಗೆ ತೆನೆಯಷ್ಟನ್ನೇ ಕೊಯ್ದು
ಹುಲ್ಲನ್ನು ಮೀನಿಗೆ ಬಿಡುತ್ತಾರೆ.
ಜಟ್ಟು ಹಲಗೆ ಎತ್ತುತ್ತಾನೆ,
ಹೊಳೆ ತಾನಾಗಿ ಗದ್ದೆಗೆ ನಡೆದು ಬರುತ್ತದೆ,
ಹಿಂದೆ ಶೆಟ್ಲಿ, ನೋಗ್ಲಿ, ಕಾಗಳಸಿಯ ಮರಿ.
ಅದೇ ಸರ್ವೆ ನಂಬರು, ಅದೇ ಪಹಣಿ:
ಆರು ತಿಂಗಳು ಅನ್ನ, ಆರು ತಿಂಗಳು ಸಾರು.
ನನ್ನ ನಮೂನೆಯಲ್ಲಿ ಬೆಳೆಗೆ ಇದ್ದದ್ದು ಒಂದೇ ಪದದ ಜಾಗ.

ನಡುವೆ ಒಂದಷ್ಟು ವರ್ಷ ಶೆಟ್ಲಿ ಗುತ್ತಿಗೆಯವರು
ಬಾಗಿಲು ಮುಚ್ಚಲು ಬಿಡಲೇ ಇಲ್ಲವಂತೆ.
ವರ್ಷವಿಡೀ ಉಪ್ಪು. ಅಂಗಡಿ ಅಕ್ಕಿ.
ಕಗ್ಗದ ಬೀಜ ಒಂದೇ ಒಂದು ಮಡಕೆಯಲ್ಲಿ ಉಳಿಯಿತು.
ಅದು ಯಾರ ಮನೆಯ ಮಡಕೆ ಎಂಬ ಜಗಳ
ಈಗಲೂ ಮದುವೆ ಊಟಗಳಲ್ಲಿ ಏಳುತ್ತದೆ;
ನನ್ನೆದುರೇ ಎದ್ದಿತು, ಎರಡು ಎಲೆ ಹಾಗೇ ಉಳಿದವು.

ನನಗೆ ಬೇಕಿದ್ದದ್ದು ಹಳೆಯ ಗುರುತಿನ ಕಲ್ಲು,
ಮುಂಬೈ ಇಲಾಖೆಯ ಕಾಲದಲ್ಲಿ ಹುಗಿದದ್ದು, ನೆತ್ತಿಯಲ್ಲಿ ಬಾಣದ ಗುರುತು.
ಸಿಕ್ಕಿತು, ಹೊನ್ನೆಮರದ ಬುಡದಲ್ಲಿ:
ಎಣ್ಣೆ, ಕುಂಕುಮ, ಬಾಡಿದ ಅಬ್ಬಲಿಗೆ.
"ನಮ್ಮ ಜಟಗ" ಎಂದರು.
ಕಟ್ಟೆ ಒಡೆದಾಗೆಲ್ಲ ಹೆಗಲ ಮೇಲೆ ಹೊತ್ತು ತಂದು
ಹೊಸ ಗಡಿಯಲ್ಲಿ ಕೂರಿಸುತ್ತಾರೆ.
ಈವರೆಗೆ ಐದು ಸಲ ಎದ್ದು ನಡೆದಿದ್ದಾನೆ
ಸರಕಾರದ ಸ್ಥಿರ ಬಿಂದು.

ಅಲ್ಲಿಂದಲೇ ಅಳೆಯಬೇಕು, ನಿಯಮ.
ಚಪ್ಪಲಿ ಮೊದಲೇ ಬಿಟ್ಟಿದ್ದೆನಲ್ಲ, ಸರಿಹೋಯಿತು.
ಕೈ ಮುಗಿದು
ಸರಪಳಿಯ ತುದಿಯನ್ನು ಅವನ ಕೊರಳಿಗೆ ಸಿಕ್ಕಿಸಿ ಎಳೆದೆ.
ಹೊನ್ನಿ ದೂರದಿಂದ ಕೂಗಿದಳು, "ಮೆಲ್ಲಗೆ!"

ನಕ್ಷೆಯಲ್ಲಿ ಪಡುವಣ ಗೆರೆಯನ್ನು ಪೆನ್ಸಿಲ್ಲಿನಲ್ಲೇ ಬಿಟ್ಟೆ.
ಕುಮಟೆಯ ಕಚೇರಿಯಲ್ಲಿ ಯಾರೋ ಅದಕ್ಕೆ ಮಸಿ ತುಂಬಿದರು,
ಮೇಲೊಂದು ಮೊಹರು:
ಎಂಬತ್ತೊಂದು ಎಕರೆ ಹದಿನಾಲ್ಕು ಗುಂಟೆ.

ಅದನ್ನು ಮೊದಲು ಕೇಳಿದವನು ಜಟ್ಟು.
ದೋಣಿಯ ಹಗ್ಗ ಬಿಚ್ಚುತ್ತ "ಎಷ್ಟಾಯ್ತು?" ಎಂದಿದ್ದ. ಹೇಳಿದೆ.
ಅವನು ಹೊಳೆಯ ಕಡೆ ಒಮ್ಮೆ ನೋಡಿ,
ಇಳಿಯತೊಡಗಿದ ನೀರನ್ನು ಗಲ್ಲದಿಂದಲೇ ತೋರಿಸಿ
"ಒಂದು ಗಳಿಗೆ ತಡೀರಿ," ಅಂದ,
"ಇನ್ನೂ ಸ್ವಲ್ಪ ಬೆಳೀತದೆ."